ವನಜಾಕ್ಷಿ ಕಡಲೆಕಾಯಿ ಕೀಳದೆ ಕಾದಳು

ನಮ್ಮ ಪಾವಗಡ ಸೀಮೆಯ ಕೆಂಪು ನೆಲ ಒಣಗಿತೆಂದರೆ ಮುಗಿಯಿತು. ಕಡಲೆಕಾಯಿ ಗಿಡ ಹಿಡಿದು ಜಗ್ಗಿದರೆ ಗಿಡ ಕೈಗೆ ಬರುತ್ತದೆ, ಕಾಯಿ ನೆಲದೊಳಗೇ ಉಳಿಯುತ್ತದೆ. ಅದಕ್ಕೇ ಕಾರ್ತಿಕದಲ್ಲಿ ನಾಲ್ಕು ಹನಿ ತುಂತುರು ಬಿದ್ದರೆ ಸಾಕು, ಊರಿಗೆ ಊರೇ ಹೊಲಕ್ಕೆ ಇಳಿಯುತ್ತದೆ. ನೆಲ ಮೆತ್ತಗಾಗಿದೆ, ಇವತ್ತೇ ಕಿತ್ತುಬಿಡೋಣ, ನಾಳೆ ಮತ್ತೆ ಗಟ್ಟಿಯಾದೀತು ಎಂಬ ಅವಸರ. ನಿಮ್ಮೂರಲ್ಲೂ ಹೀಗೇ ತಾನೆ? ಆ ತುಂತುರು ಎಲ್ಲಿಂದ ಬಂತು, ಅದರ ಬೆನ್ನಿಗೆ ಇನ್ನೇನು ಬರುತ್ತಿದೆ ಎಂದು ಕೇಳುವವರು ಎಷ್ಟು ಜನ ಇದ್ದೀರಿ, ಕೈ ಎತ್ತಿ ನೋಡೋಣ. ನಿಡುಗಲ್ಲಿನ ವನಜಾಕ್ಷಿಯೂ ಮೊದಲು ಕೇಳಿದವಳಲ್ಲ.

ವನಜಾಕ್ಷಿಗೆ ಬೆಟ್ಟದ ಕೆಳಗೆ ಎರಡು ಎಕರೆ ಹೊಲ. ಮಗಳು ಮಧುಗಿರಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಮನೆಯಲ್ಲಿ ಅತ್ತೆ ಕೊಲ್ಲಾಪುರಮ್ಮ ಮತ್ತು ಅವಳು, ಇಬ್ಬರೇ. ಗಂಡ ನರಸಿಂಹರಾಜು ಮಲ್ಪೆಯಲ್ಲಿ ಮೀನಿನ ಬೋಟಿಗೆ ಹೋಗುತ್ತಾನೆ. ಬಲೆ ಎಳೆಯುವುದು, ಮೀನು ಬೇರೆ ಬೇರೆ ಮಾಡಿ ಐಸ್ ಹಾಕುವುದು ಅವನ ಕೆಲಸ. ಈಜಲು ಬಾವಿಯೂ ಇಲ್ಲದ ಊರಿನವನು ಕಡಲಿಗೆ ಹೋದನಲ್ಲಾ ಎಂದು ಊರವರು ಈಗಲೂ ನಗುತ್ತಾರೆ. ವನಜಾಕ್ಷಿಗೆ ಮಾತ್ರ ನಗು ಬರುವುದಿಲ್ಲ.

ಬೋಟು ಒಂದು ಸಲ ಹೊರಟರೆ ಹತ್ತು ದಿನ ನೀರಿನ ಮೇಲೆ. ಆ ಹತ್ತು ದಿನ ಫೋನಿಲ್ಲ. ದಡಕ್ಕೆ ಬಂದಾಗ ಎರಡು ದಿನ ಮಾತು, ಮತ್ತೆ ಹತ್ತು ದಿನ ಮೌನ. ಶ್ರಾವಣದಲ್ಲಿ ಹೋದವನು ಗೌರಿಗೆ ಬರಲಿಲ್ಲ, ದಸರೆಗೆ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ಸೋದರತ್ತೆಯ ಮಗನೇ ಆದ್ದರಿಂದ ಅವನನ್ನು ಚಿಕ್ಕಂದಿನಿಂದ ಮಾವ ಎಂದೇ ಕರೆದು ಅಭ್ಯಾಸ. ಸಂಜೆ ಮುದ್ದೆ ಕಟ್ಟುವಾಗ ಮೂರನೆಯದು ತನ್ನಷ್ಟಕ್ಕೆ ಕೈಯಲ್ಲಿ ಮೂಡುತ್ತಿತ್ತು. ಅದನ್ನು ಬೆಳಿಗ್ಗೆ ಮಜ್ಜಿಗೆಗೆ ಕಿವುಚಿಕೊಂಡು ತಾನೇ ಕುಡಿಯುತ್ತಿದ್ದಳು. ಅವಳಿಗೆ ಅವನನ್ನು ನೋಡಬೇಕಿತ್ತು.

ಅವನೂ ಒಂದು ಮಾತು ಕೊಟ್ಟಿದ್ದ. "ಕಡ್ಲೆಕಾಯಿ ಕೀಳೋ ದಿನ ಹೇಳು ವನಜಾ. ಸುಗ್ಗಿಗೆ ಅಂದ್ರೆ ಬೋಟಿನ ಸಾಹುಕಾರ್ರು ಎಂಟು ದಿನ ರಜ ಕೊಡ್ತಾರೆ. ಬೇರೆ ಯಾವ್ದಕ್ಕೂ ಕೊಡಲ್ಲ. ಆವತ್ತು ಹೇಳು, ನಾನ್ ಬಂದ್ಬುಡ್ತೀನಿ."

ಹೀಗಿರುವಾಗ ಒಂದು ಭಾನುವಾರ ಸಂಜೆ ತುಂತುರು ಬಿತ್ತು. ಅವಳ ಎದೆ ಯಾಕೆ ಹೊಡೆದುಕೊಂಡಿತು ಎಂದು ಈಗ ಅರ್ಥವಾಯಿತಲ್ಲ.

ಸೋಮವಾರ ಬೆಳಗಾಗುವಷ್ಟರಲ್ಲಿ ಪಕ್ಕದ ಹೊಲದ ದೊಡ್ಡಹನುಮಯ್ಯ ಆಳು ಕೂಡಿಸಿಕೊಂಡು ಕೀಳಲು ಶುರುಮಾಡಿದ್ದ. ಬದುವಿನ ಮೇಲೆ ನಿಂತು ಕೂಗಿದ.

"ವನಜಮ್ಮ, ನೆಲ ಬೆಣ್ಣೆ ಆಗೈತೆ ಕಣಮ್ಮ. ಇನ್ನೇನ್ ನೋಡ್ತಾ ಕುಂತಿದ್ದೀಯ? ನಂದು ಇವತ್ತು ಮುಗೀತೈತೆ. ನಾಳೆ ಇದೇ ಆಳು ನಿನ್ ಹೊಲಕ್ಕೆ ಕಳಿಸ್ತೀನಿ."

"ಕಳ್ಸಣ್ಣ" ಎಂದವಳೇ ಅಲ್ಲೇ ಬದುವಿನ ಮೇಲೆ ಕೂತು ಮಲ್ಪೆಗೆ ಫೋನು ಮಾಡಿದಳು. ಅದೃಷ್ಟಕ್ಕೆ ಬೋಟು ದಡದಲ್ಲಿತ್ತು.

"ಮಾವ, ನಾಳೆ ಕೀಳ್ತೀವಿ. ಬಾ."

ಆ ಕಡೆ ನರಸಿಂಹರಾಜು ನಕ್ಕಿದ್ದು ಕೇಳಿಸಿತು. "ಬುಧವಾರ ಬೆಳಿಗ್ಗೆ ಬೋಟು ಹೊರಡ್ತೈತೆ. ಒಳ್ಳೆ ಟೈಮಿಗೆ ಹೇಳ್ದೆ. ಸಾಹುಕಾರ್ರಿಗೆ ಹೇಳಿ ಸಂಜೆ ಬಸ್ ಹತ್ತೀನಿ."

ವನಜಾಕ್ಷಿ ಮನೆಗೆ ಬಂದವಳು ನಡೆದು ಬಂದಳೋ ಹಾರಿ ಬಂದಳೋ ಅವಳಿಗೇ ಗೊತ್ತಿಲ್ಲ. ಪೆಟ್ಟಿಗೆಯಲ್ಲಿದ್ದ ಅವನ ಲುಂಗಿ, ಅಂಗಿ ತೆಗೆದು ಒಗೆದು ಹಾಕಿದಳು. ಹುರುಳಿಕಾಳು ನೆನೆಹಾಕಿದಳು. ಕೊಲ್ಲಾಪುರಮ್ಮ ಜಗಲಿಯ ಮೇಲಿಂದ ಎಲ್ಲ ನೋಡುತ್ತಿದ್ದರು. ಅವರ ತವರು ಮಡಕಶಿರಾ ಕಡೆ. ಖುಷಿಯಾದರೂ ಸಿಟ್ಟಾದರೂ ನಾಲಿಗೆಗೆ ತೆಲುಗು ಬರುತ್ತದೆ.

"ಏಮೇ ವನಜಾ, ಅಂಗಿಗೆ ಅಷ್ಟ್ ಸೋಪ್ ಹಾಕಿದ್ರೆ ಬಣ್ಣಾನೇ ಹೋಗ್ತೈತೆ. ಸ್ವಲ್ಪ ಅವ್ನಿಗೂ ಉಳ್ಸು" ಎಂದು ಛೇಡಿಸಿದರು.

ಆ ಹೊತ್ತಿಗೆ ಸ್ಕೂಟರ್ ಬಂದು ನಿಂತಿತು. ಬಂದವಳು ಅನುಷಾ. ಊರಿನ ಮಹಿಳಾ ಸಂಘದಿಂದ ತರಬೇತಿ ಪಡೆದ ಕೃಷಿ ಸಖಿ. ಬೀಜೋಪಚಾರದಿಂದ ಹಿಡಿದು ಬೆಳೆ ವಿಮೆಯವರೆಗೂ ಹೆಂಗಸರಿಗೆ ತಿಳಿಸಿ ಹೇಳುವುದು ಅವಳ ಕೆಲಸ. ಮಳೆ ಮುನ್ಸೂಚನೆ ಹೇಳಲು ಬಂದರೆ ಮಾತ್ರ ಊರು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಮಳೆ ಬರುತ್ತದೆಂದರೆ ಇಲ್ಲಿ ಯಾರಾದರೂ ಹೆದರುತ್ತಾರೆಯೇ? ಬರಲಿ ಎಂದೇ ಮುಖ ಮೇಲೆ ಮಾಡಿಕೊಂಡು ಬದುಕಿದ ಊರು ಇದು.

"ವನಜಕ್ಕ, ನಾಳೆ ಕೀಳ್ತೀಯಂತೆ. ಹನುಮಯ್ಯಣ್ಣ ಹೇಳ್ದ. ಬ್ಯಾಡ ಕಣಕ್ಕ, ಒಂದ್ ವಾರ ತಡಿ."

"ಯಾಕೆ?"

"ಬಂಗಾಳ ಕೊಲ್ಲಿನಾಗೆ ವಾಯುಭಾರ ಕುಸಿತ ಆಗೈತೆ. ನಾಳೆ ಸಂಜೆಯಿಂದ ಗುರುವಾರದವರೆಗೂ ನಮ್ ಜಿಲ್ಲೆಗೆ ಆರೆಂಜ್ ಅಲರ್ಟ್. ನಿನ್ನೆ ಬಿದ್ದ ತುಂತುರು ಅದರದ್ದೇ ಮುನ್ಸೂಚನೆ."

ಕೊಲ್ಲಾಪುರಮ್ಮ ಎಲೆ ಅಡಿಕೆ ತಟ್ಟೆ ಪಕ್ಕಕ್ಕೆ ಸರಿಸಿದರು. "ಬಂಗಾಳ ಎಲ್ಲೈತೆ, ನಿಡುಗಲ್ ಎಲ್ಲೈತೆ? ಅಲ್ಲಿ ಮಳೆ ಬಂದ್ರೆ ಇಲ್ಲಿ ನಾವ್ ಕೊಡೆ ಹಿಡೀಬೇಕಾ?"

"ಹೆಸ್ರಷ್ಟೇ ಬಂಗಾಳ ಅಜ್ಜಿ. ನೀವು ತಿರುಪ್ತಿಗೆ ಹೋಗ್ಬಂದಿದ್ದೀರಲ್ಲ, ಅಲ್ಲಿಂದ ಇನ್ನೊಂದೆರಡು ಗಂಟೆ ಬಸ್ಸಾಗೆ ಹೋದ್ರೆ ಅದೇ ಕಡಲು. ಅಲ್ಲೆದ್ದ ಮೋಡಕ್ಕೆ ನಮ್ಮೂರು ದೂರ ಅಲ್ಲ."

ಅನುಷಾ ಜಗಲಿಯ ಮೇಲೆ ಕೂತು ಫೋನು ತೆಗೆದಳು. ನಕ್ಷೆಯಲ್ಲಿ ಬಲಗಡೆಯ ಕಡಲಿನ ಮೇಲೆ ಬಿಳಿ ಮೋಡ ಸುಳಿಯಾಗಿ ಸುತ್ತುತ್ತಿತ್ತು.

"ಎಸರು ಕಾಯ್ದಾಗ ಹಬೆ ಏಳಲ್ವಾ ಅಜ್ಜಿ, ಅಂಗೇ ಕಡಲ ನೀರು ಬೆಚ್ಚಗಾದ್ರೆ ನೀರಾವಿ ಎಳ್ಕಂಡು ಗಾಳಿ ಮ್ಯಾಕೆ ಏಳ್ತೈತೆ. ಅಲ್ಲಿ ಗಾಳಿ ಭಾರ ಕಮ್ಮಿ ಆಯ್ತೈತೆ. ಸುತ್ತಲ ಗಾಳಿ ಆ ಜಾಗಕ್ಕೆ ನುಗ್ಗಿ ತಿರುಗೋಕೆ ಶುರು ಮಾಡ್ತೈತೆ. ಇದು ಈಗ ನಮ್ ಕಡೆಗೇ ಬತ್ತಾ ಐತೆ. ಕಿತ್ತಿಟ್ಟ ಗಿಡ ಮೂರು ದಿನ ನೀರಾಗೆ ಬಿದ್ದಿದ್ರೆ ಕಾಯಿ ಕಪ್ಪಾಯ್ತೈತೆ, ಬೂಷ್ಟು ಹಿಡೀತೈತೆ. ಬೂಷ್ಟು ಹಿಡಿದಿದ್ದು ತಿನ್ನೋಕೂ ಬ್ಯಾಡ, ಬಿತ್ತೋಕೂ ಬ್ಯಾಡ."

"ನೆಲದಾಗೆ ಬುಟ್ರೆ ಮೊಳಕೆ ಹೊಡ್ಯಲ್ವಾ?" ವನಜಾಕ್ಷಿಯ ದನಿ ಗಡುಸಾಗಿತ್ತು.

"ಬಲಿತು ಮೀರಿದ್ರೆ ಹೊಡೀತೈತೆ. ನಿಂದು ಬಲಿತೈತಾ? ನೋಡನ ಬಾ."

ಮೂವರೂ ಹೊಲಕ್ಕೆ ಹೋದರು. ಅನುಷಾ ನಾಲ್ಕು ಕಡೆ ನಾಲ್ಕು ಗಿಡ ಕಿತ್ತು, ಕಾಯಿ ಬಿಡಿಸಿ ಸಿಪ್ಪೆಯ ಒಳಮೈ ತೋರಿಸಿದಳು. ಬಲಿತ ಕಾಯಿಗೆ ಒಳಗೆ ಕಂದು ಕಪ್ಪು ಕಲೆ ಇರುತ್ತದೆ. ಇಲ್ಲಿ ಹತ್ತಕ್ಕೆ ಆರು ಇನ್ನೂ ಬೆಳ್ಳಗಿದ್ದವು.

"ಇನ್ನೂ ಎಂಟತ್ತು ದಿನ ಬೇಕಕ್ಕ. ಲೇಟಾಗಿ ಬಿತ್ತಿದ್ದೀಯ. ತಗ್ಗಿನ ಕಡೆ ಕಾಲುವೆ ಹೊಡ್ದು ನೀರು ನಿಲ್ದಂಗೆ ನೋಡ್ಕೋ, ಸಾಕು."

ವನಜಾಕ್ಷಿ ಸಿಪ್ಪೆ ಕೈಯಲ್ಲಿ ಹಿಡಿದು ನಿಂತಳು. ಅವಳಿಗೂ ಗೊತ್ತಿತ್ತು, ಬಲಿತಿಲ್ಲವೆಂದು. ಭಾನುವಾರವೇ ಗೊತ್ತಿತ್ತು. ಕೊನೆಗೆ ಮನಸ್ಸಿನಲ್ಲಿದ್ದುದು ಬಾಯಿಗೆ ಬಂತು.

"ಕೀಳ್ದಿದ್ರೆ ಅವ್ರು ಬರಲ್ಲ ಅನುಷಾ. ಬುಧವಾರ ಬೋಟು ಹೋಯ್ತೈತೆ. ಆಮೇಲೆ ಇನ್ನೂ ಹತ್ತು ದಿನ. ನನ್ ಕೈಲಿ ಆಗಲ್ಲ ಕಣೆ. ಕಡ್ಲೆಕಾಯಿ ಹಾಳಾದ್ರೆ ಆಗ್ಲಿ ಬುಡು."

ಅನುಷಾ ತಲೆ ತಗ್ಗಿಸಿ ಫೋನು ನೋಡಿದಳು. ನೋಡುತ್ತಾ ಅವಳ ಹುಬ್ಬು ಗಂಟಾಯಿತು.

"ವನಜಕ್ಕ, ಅಣ್ಣ ಹೋಗೋದು ಮಲ್ಪೆಯಿಂದ ಅಲ್ವಾ? ಬುಧವಾರ?"

"ಹೂಂ."

"ಈ ಸುಳಿ ನಮ್ಮ ಮ್ಯಾಲೆ ಹಾದು ಸುಮ್ನೆ ಆಗಲ್ಲ. ನೆಲದ ಮ್ಯಾಲೆ ಬಂದಾಗ ಬೆಚ್ಚಗಿನ ನೀರು ಸಿಗದೆ ಸೋಲ್ತೈತೆ. ಆದ್ರೆ ಪೂರ್ತಿ ಕರಗೋಕೆ ಮುಂಚೆ ಆಚೆ ಕಡಲು ಮುಟ್ಟಿದ್ರೆ ಮತ್ತೆ ಬಲ ಬತ್ತೈತೆ. ಎಲ್ಲ ಸಲ ಅಂಗಾಗಲ್ಲ. ಈ ಸಲ ಶುಕ್ರವಾರದೊತ್ತಿಗೆ ಅರಬ್ಬೀ ಕಡಲಿಗೆ ಇಳೀಬೋದು, ಅಲೆ ಏಳ್ಬೋದು ಅಂತ ಮುನ್ನೋಟದಾಗೆ ಬರ್ದವ್ರೆ. ಆವತ್ತಿಗೆ ಅಣ್ಣ ದಡದಿಂದ ಎರಡು ದಿನದ ದೂರ ಇರ್ತಾರೆ."

ವನಜಾಕ್ಷಿಯ ಕೈಯಿಂದ ಸಿಪ್ಪೆ ಬಿತ್ತು. ಅಲ್ಲಿಯವರೆಗೆ ಅವಳಿಗೆ ಆ ಕಡಲು ಬೇರೆ, ಈ ಕಡಲು ಬೇರೆ. ಒಂದೇ ಮೋಡ ತನ್ನ ತಲೆಯ ಮೇಲೂ ಹಾದು ಅವನ ತಲೆಯ ಮೇಲೂ ಹೋಗಬಹುದೆಂದು ಅವಳು ಎಣಿಸಿರಲಿಲ್ಲ. ಅವನನ್ನು ಬೇಗ ಕರೆಸಿಕೊಳ್ಳಬೇಕು ಎನ್ನುವ ಆಸೆ ಹೋಗಿ, ಅವನು ಬದುಕಿದ್ದರೆ ಸಾಕು ಎನ್ನುವ ಭಯ ಕೂತಿತು. ತಕ್ಷಣ ಫೋನು ಹಚ್ಚಿದಳು.

ನರಸಿಂಹರಾಜುವಿಗೆ ಸಿಟ್ಟೇ ಬಂತು. "ಬೆಳಿಗ್ಗೆ ಬಾ ಅಂದೆ. ಈಗ ಕೀಳಲ್ಲ ಅಂತೀಯ, ಬೋಟಿಗೂ ಹೋಗಬ್ಯಾಡ ಅಂತೀಯ. ಸುಗ್ಗಿ ಇಲ್ದಿದ್ರೆ ರಜ ಇಲ್ಲ. ನಾನೇನ್ ಬೋಟು ನಿಲ್ಲೋ ಧಕ್ಕೆ ಮ್ಯಾಲೆ ಕುಂತು ಅಲೆ ಎಣಿಸ್ಲಾ?"

"ಮಾವ, ತೂಫಾನು ಆ ಕಡೆಯಿಂದ ಈ ಕಡೆಗೆ ದಾಟ್ತೈತಂತೆ."

"ಅದು ಮದ್ರಾಸ್ ಕಡೆ ಕಣೆ. ಇಲ್ಲಿ ನೀರು ಕನ್ನಡಿ ಅಂಗೈತೆ. ಬಿಸಿಲು ಸುಡ್ತೈತೆ. ನಿಡುಗಲ್ನಾಗೆ ಕುಂತು ನಂಗೆ ಕಡಲು ಹೇಳ್ಕೊಡ್ತೀಯಾ?" ಎಂದವನು ಫೋನಿಟ್ಟ.

ಕೊಲ್ಲಾಪುರಮ್ಮನ ಮುಖ ಸಣ್ಣದಾಗಿತ್ತು. ಇಷ್ಟು ಹೊತ್ತು ಬಂಗಾಳ ಎಲ್ಲೈತೆ ಎಂದವರು ಈಗ ಮಗನ ಮಾತು ಬಂದಕೂಡಲೇ ದಾರಿ ಹುಡುಕತೊಡಗಿದ್ದರು. ಸೊಸೆಯನ್ನು ಪಕ್ಕಕ್ಕೆ ಕರೆದರು.

"ಇನ್ನೊಂದ್ಸಲ ಫೋನ್ ಮಾಡು. ನಾಳೆ ಕೀಳದು ಖಾಯಂ, ಬಾ ಅನ್ನು. ಒಂದ್ ಸುಳ್ಳು ಹೇಳಿದ್ರೆ ಏನೂ ಆಗಲ್ಲ. ನನ್ ಮಗ ಮನೆಗ್ ಬರ್ಲಿ. ಮಿಕ್ಕಿದ್ದು ಆಮೇಲೆ ನೋಡ್ಕಂಬನ."

ವನಜಾಕ್ಷಿಗೆ ಆ ಮಾತು ಎಷ್ಟು ಸಿಹಿಯಾಗಿ ಕೇಳಿಸಿತೆಂದರೆ, ಅವಳ ಬೆರಳು ಆಗಲೇ ಫೋನಿನ ಮೇಲಿತ್ತು. ಒಂದು ಸುಳ್ಳು, ಬೆಳಿಗ್ಗೆ ಅವನು ಬಾಗಿಲಲ್ಲಿ. ನಾವು ನೀವಾಗಿದ್ದರೆ ಹೇಳಿಯೇಬಿಡುತ್ತಿದ್ದೆವೇನೋ. ಅವಳು ಕೈ ಇಳಿಸಿದಳು.

"ಬೋಟಾಗೆ ಎಂಟು ಜನ ಅವ್ರೆ ಅತ್ತೆ. ಇವ್ರನ್ನ ಕರಿಸ್ಕಂಡ್ರೆ ಮಿಕ್ಕ ಏಳು ಜನ ಹೋಯ್ತಾರೆ. ಅವ್ರ ಮನೇಲೂ ಯಾರೋ ಕಾಯ್ತಾ ಇರ್ತಾರೆ."

ಕೊಲ್ಲಾಪುರಮ್ಮ ಬದುವಿನ ಮೇಲೆ ಕೂತುಬಿಟ್ಟರು.

ಅನುಷಾ ನಕ್ಷೆ, ಹವಾಮಾನ ಇಲಾಖೆಯ ಮುನ್ನೋಟ ಎರಡನ್ನೂ ವಾಟ್ಸಾಪಿನಲ್ಲಿ ಕಳಿಸಿದಳು. ಅದರ ಕೆಳಗೆ ವನಜಾಕ್ಷಿ ತನ್ನ ದನಿಯನ್ನು ಕಳಿಸಿದಳು. "ಮಾವ, ನಾನು ಕಡಲು ನೋಡಿಲ್ಲ, ನಿಜ. ನೀನು ನನ್ನ ಮಾತು ನಂಬಬ್ಯಾಡ. ಈ ಚಿತ್ರ ತಾಂಡೇಲರಿಗೆ ತೋರ್ಸು. ಬೋಟು ನಡೆಸೋರು ಅವ್ರು, ಅವ್ರಿಗೆ ತಿಳೀತೈತೆ. ಮೀನುಗಾರಿಕೆ ಆಫೀಸ್ನಾಗೆ ಒಂದು ಮಾತು ಕೇಳಿ ಹೊರಡಿ. ನೀನು ಈಗ ಬರ್ದಿದ್ರೂ ಪರವಾಗಿಲ್ಲ. ನಂಗೆ ನೋಡ್ಬೇಕು ಅನ್ಸೈತೆ, ತುಂಬ ಅನ್ಸೈತೆ. ಆದ್ರೂ ಪರವಾಗಿಲ್ಲ."

ಮಂಗಳವಾರ ಅತ್ತೆ ಸೊಸೆ ಗುದ್ದಲಿ ಹಿಡಿದು ಹೊಲದ ತಗ್ಗಿಗೆ ಕಾಲುವೆ ಹೊಡೆದರು. ಬರಬೇಕಿದ್ದ ಆಳುಗಳಿಗೆ ಬೇಡವೆಂದು ವನಜಾಕ್ಷಿ ಹೇಳಿಕಳಿಸಿದಳು. ಮಲ್ಪೆಯಿಂದ ಮಾತ್ರ ಇನ್ನೂ ಉತ್ತರ ಬಂದಿರಲಿಲ್ಲ. ದೊಡ್ಡಹನುಮಯ್ಯ ಕಿತ್ತ ಗಿಡವನ್ನು ಕಾಯಿ ಮೇಲೆ ಮಾಡಿ ಸಾಲಾಗಿ ಒಣಹಾಕಿದ್ದ. ಇವರನ್ನು ನೋಡಿ ಅವನಿಗೆ ನಗು.

"ಫೋನ್ನಾಗೆ ಮಳೆ ಹುಯ್ದಿದ್ರೆ ನಮ್ಮ ಕೆರೆ ಯಾವತ್ತೋ ಕೋಡಿ ಬೀಳ್ತಿತ್ತು ಕಣಮ್ಮ."

ಸಂಜೆ ಐದಕ್ಕೆ ಮೂಡಲ ದಿಕ್ಕು ಕಪ್ಪಾಯಿತು. ಆರಕ್ಕೆ ಹಿಡಿದ ಮಳೆ ಗುರುವಾರ ಮಧ್ಯಾಹ್ನದವರೆಗೂ ಬಿಡಲಿಲ್ಲ. ಮೊದಲ ದಿನವೇ ಕರೆಂಟು ಹೋಯಿತು, ಟವರ್ ಹೋಯಿತು. ಬುಧವಾರ ವನಜಾಕ್ಷಿಯ ಫೋನೂ ಸತ್ತಿತು. ಆ ದನಿ ಅವನಿಗೆ ಮುಟ್ಟಿತೋ ಇಲ್ಲವೋ, ಬೋಟು ಹೊರಟಿತೋ ನಿಂತಿತೋ, ತಿಳಿಯುವ ದಾರಿಯೇ ಇರಲಿಲ್ಲ.

ಊರಿಗೆ ಊರೇ ಮಳೆ ನೋಡಿ ಹಿಗ್ಗುತ್ತಿತ್ತು. ವನಜಾಕ್ಷಿ ಮಾತ್ರ ಮೋಡ ಪಡುವಣಕ್ಕೆ ಸರಿಯುವುದನ್ನೇ ನೋಡುತ್ತಿದ್ದಳು. ಇಲ್ಲೇ ಸುರಿದು ಖಾಲಿಯಾಗು, ಆ ಕಡೆ ಹೋಗಬೇಡ ಎಂದು ಮೋಡಕ್ಕೆ ಬೇಡಿಕೊಂಡಳು. ಗುರುವಾರ ಮಳೆ ನಿಂತಾಗ ದೊಡ್ಡಹನುಮಯ್ಯನ ಹೊಲದಲ್ಲಿ ಗಿಡಗಳು ಮೊಣಕಾಲುದ್ದ ನೀರಿನಲ್ಲಿ ತೇಲುತ್ತಿದ್ದವು. ಅತ್ತೆ ಸೊಸೆ ತಮ್ಮ ಟಾರ್ಪಾಲು ಹೊತ್ತುಕೊಂಡು ಹೋಗಿ, ಅವನ ಜೊತೆ ನಿಂತು, ಕೈಗೆ ಸಿಕ್ಕಷ್ಟನ್ನು ದಿಣ್ಣೆಗೆ ಸಾಗಿಸಿದರು. ಅರ್ಧಕ್ಕೂ ಹೆಚ್ಚು ದನಕ್ಕೂ ಆಗದಂತಾಗಿತ್ತು. ವನಜಾಕ್ಷಿಯ ಹೊಲದ ನೀರು ಕಾಲುವೆ ಹಿಡಿದು ಇಳಿದುಹೋಗಿತ್ತು. ಗಿಡ ತೊಳೆದಿಟ್ಟ ಹಾಗೆ ಹಸಿರಾಗಿ ನಿಂತಿದ್ದವು. ಅದನ್ನು ನೋಡಿದರೂ ಅವಳಿಗೆ ಸಂತೋಷವಾಗಲಿಲ್ಲ.

ಶುಕ್ರವಾರವೂ ಕರೆಂಟಿಲ್ಲ. ಅವಳು ಆ ದಿನ ಎರಡು ಹೊತ್ತೂ ಉಣ್ಣಲಿಲ್ಲ.

ಶನಿವಾರ ಹನ್ನೊಂದು ಗಂಟೆಗೆ ದೀಪ ಹತ್ತಿತು. ಫೋನು ಚಾರ್ಜಿಗೆ ಹಾಕಿ ಅದರ ಮುಂದೆಯೇ ಕೂತಳು. ಜೀವ ಬಂದ ಎರಡು ನಿಮಿಷಕ್ಕೆ ಅದೇ ಬಡಿದುಕೊಂಡಿತು.

"ವನಜಾ."

ಅವನ ದನಿ. ಅದರ ಹಿಂದೆ ಏನೋ ಭಾರವಾದದ್ದು ಬಿದ್ದು ಬಿದ್ದು ಮೊರೆಯುವ ಸದ್ದು.

"ಮಾವ, ಎಲ್ಲಿದ್ದೀಯ? ಅದೇನ್ ಸದ್ದು?"

"ಕಡಲು ಕಣೆ. ಹೆದರ್ಕಬ್ಯಾಡ, ನಾನು ನೆಲದ ಮ್ಯಾಲೆ ಇದ್ದೀನಿ. ಮೂರು ದಿನದಿಂದ ಫೋನ್ ಮಾಡ್ತಾನೇ ಇದ್ದೀನಿ, ನಿನ್ಗೆ ಹೋಗ್ತಾನೇ ಇರಲಿಲ್ಲ. ನಿನ್ ಮಾತು ತಾಂಡೇಲರಿಗೆ ಕೇಳಿಸ್ದೆ. ಅವ್ರು ನಗ್ಲಿಲ್ಲ. ಚಿತ್ರ ನೋಡಿ ನೇರ ಆಫೀಸಿಗೆ ಹೋದ್ರು. ಎರಡು ದಿನ ನೋಡಿ ಹೋಗಿ ಅಂದ್ರಂತೆ. ಗುರುವಾರ ಎಲ್ರಿಗೂ ಕಡಲಿಗೆ ಇಳೀಬ್ಯಾಡಿ ಅಂತ ಎಚ್ಚರಿಕೆ ಬಂತು. ಬುಧವಾರ ಹೋಗಿದ್ರೆ... ನೀರು ಕನ್ನಡಿ ಅಂಗೈತೆ ಅಂದಿದ್ದೆ ನಾನು. ಕೇಳು ಈಗ."

ಅವನು ಫೋನನ್ನು ಕಡಲಿನ ಕಡೆಗೆ ಹಿಡಿದ. ನಿಡುಗಲ್ಲಿನ ಆ ಸಣ್ಣ ಮನೆಯೊಳಗೆ ಅತ್ತೆ ಸೊಸೆ ಇಬ್ಬರೂ ಕಿವಿ ಹಚ್ಚಿ ಕೇಳಿದರು. ಅವನು ಆ ಸದ್ದಿನೊಳಗೆ ಇಲ್ಲ, ಅದರ ಹೊರಗೆ ನಿಂತಿದ್ದಾನೆ ಎನ್ನುವುದು ಮನಸ್ಸಿಗೆ ಇಳಿದಾಗ ವನಜಾಕ್ಷಿ ಗೋಡೆಗೊರಗಿ ಬಿಕ್ಕಿ ಬಿಕ್ಕಿ ಅತ್ತಳು. ಕೊಲ್ಲಾಪುರಮ್ಮ ಫೋನು ಕಿತ್ತುಕೊಂಡು, "ನಿನ್ ಹೆಂಡ್ತಿ ಮಾತು ಕೇಳ್ಕಂಡು ಬಾಳು, ಚಾಲು, ಅಷ್ಟೇ ಸಾಕು" ಎಂದು ಬೈದು, ತಾವೂ ಸೆರಗಿನಿಂದ ಮೂಗು ಒರೆಸಿಕೊಂಡರು.

ಮುಂದಿನ ಗುರುವಾರ ನೆಲ ಹದವಾಯಿತು. ಮುನ್ಸೂಚನೆಯಲ್ಲಿ ಐದು ದಿನ ಒಣಹವೆ ಎಂದಿತ್ತು. ಕಡಲಿನ್ನೂ ಶಾಂತವಾಗದೆ ಬೋಟು ದಡದಲ್ಲೇ ಇತ್ತು, ಸಾಹುಕಾರರು ಸುಗ್ಗಿಗೆ ರಜ ಕೊಟ್ಟಿದ್ದರು. ಆ ಬೆಳಿಗ್ಗೆ ಪಾವಗಡದ ಬಸ್ಸಿನಿಂದ ಇಳಿದು ನರಸಿಂಹರಾಜು ನೇರ ಹೊಲಕ್ಕೇ ಬಂದ. ಇಬ್ಬರೂ ಅಕ್ಕಪಕ್ಕದ ಸಾಲು ಹಿಡಿದು ಕಿತ್ತರು. ಮಾತು ಕಮ್ಮಿ, ನೋಟ ಜಾಸ್ತಿ. ದೊಡ್ಡಹನುಮಯ್ಯನೂ ಕೀಳಲು ಬಂದಿದ್ದ. ಅವನು ಬದುವಿನ ಮೇಲೆ ನಿಂತು ಅನುಷಾಳನ್ನು ಕೇಳುತ್ತಿದ್ದ, "ತಾಯಿ, ಆ ಆ್ಯಪು ನನ್ ಫೋನ್ಗೂ ಹಾಕ್ಕೊಡವ್ವ. ಓದೋಕೆ ಬರಲ್ಲ, ಬಣ್ಣ ಆದ್ರೆ ಗೊತ್ತಾಯ್ತೈತೆ."

"ಬಣ್ಣ ತಿಳುದ್ರೆ ಸಾಕಣ್ಣ. ಹಸಿರು ಇದ್ರೆ ಭಯ ಇಲ್ಲ. ಹಳದಿ ಬಂದ್ರೆ ಕಣ್ಣಿಟ್ಟಿರು. ಕಿತ್ತಳೆ ಬಂದ್ರೆ ತಯಾರಾಗು. ಕೆಂಪು ಬಂದ್ರೆ ಕೆಲಸ ಬುಟ್ಟು ಜೀವ ನೋಡ್ಕೋ."

ಎಂಟು ದಿನ ಎಷ್ಟು ಬೇಗ ಕಳೆಯುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಅವನು ಮತ್ತೆ ಹೋಗಿದ್ದಾನೆ, ಅವಳು ಮತ್ತೆ ಕಾಯುತ್ತಿದ್ದಾಳೆ. ಆದರೆ ಈಗ ವನಜಾಕ್ಷಿಯ ಫೋನಿನ ಹವಾಮಾನದ ಆ್ಯಪಿನಲ್ಲಿ ಎರಡು ಊರುಗಳಿವೆ. ದಿನಾ ಬೆಳಿಗ್ಗೆ ಮೊದಲು ಮಲ್ಪೆ ನೋಡುತ್ತಾಳೆ, ಆಮೇಲೆ ಪಾವಗಡ.

ಅಕ್ಕಂದಿರೇ, ಅಣ್ಣಂದಿರೇ, ಸಿರಾ, ಕೊರಟಗೆರೆ, ಮಧುಗಿರಿ, ಪಾವಗಡ, ನೀವು ಯಾವ ತಾಲ್ಲೂಕಿನವರಾದರೂ ಸರಿ. ಕಡಲು ನಮ್ಮಿಂದ ದೂರವಿದೆ ಅಂದುಕೊಳ್ಳಬೇಡಿ. ಎರಡು ಕಡಲಿನ ಗಾಳಿಯೂ ನಮ್ಮ ಮೇಲೇ ಹಾದುಹೋಗುತ್ತದೆ. ಹಿಂಗಾರಿನಲ್ಲಿ ತುಂತುರು ಬಿದ್ದ ಕೂಡಲೇ ಗಿಡಕ್ಕೆ ಕೈ ಹಾಕಬೇಡಿ. ನಾಲ್ಕು ಕಾಯಿ ಬಿಡಿಸಿ ಬಲಿತಿದೆಯೇ ನೋಡಿ, ಮುಂದಿನ ಐದು ದಿನದ ಮುನ್ಸೂಚನೆ ಕೇಳಿ, ಆಮೇಲೆ ಆಳು ಕರೆಯಿರಿ. ಮೌಸಮ್, ಮೇಘದೂತ್ ಆ್ಯಪು ಫೋನಿನಲ್ಲಿ ಹಾಕಿಸಿಕೊಳ್ಳಿ. ಫೋನು ಬಳಸಲು ಬಾರದವರು ರೇಡಿಯೋ ಕೇಳಿ, ನಿಮ್ಮೂರ ಕೃಷಿ ಸಖಿಯನ್ನೋ ರೈತ ಸಂಪರ್ಕ ಕೇಂದ್ರದವರನ್ನೋ ವಿಚಾರಿಸಿ. ಇನ್ನೊಂದು ಮಾತು, ಇದನ್ನು ಮರೆಯಬೇಡಿ: ನಿಮ್ಮ ಮನೆಯವರು ಯಾರಾದರೂ ದೂರದ ಊರಿನಲ್ಲಿ, ಕಡಲಿನಲ್ಲಿ, ಕಟ್ಟಡದ ಮೇಲೆ, ಲಾರಿಯಲ್ಲಿ ದುಡಿಯುತ್ತಿದ್ದರೆ ಅವರಿರುವ ಊರಿನ ಹವಾಮಾನವನ್ನೂ ದಿನಕ್ಕೊಮ್ಮೆ ನೋಡಿ, ಬಣ್ಣ ಬದಲಾದ ದಿನ ಒಂದು ಫೋನು ಮಾಡಿ. ಬೈದರೂ ಬೈಯಲಿ, ಬೈಯಲು ಅವರು ಇರಬೇಕಲ್ಲ.